ಬಲಗೈ ಗ್ಲೌಸಿನೊಳಗೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ದಬ್ಬಳದಕ್ಕ. ಮೂರಂತಸ್ತಿನ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಇಬ್ಬರು ಕೂತರೆ ಮೂರನೆಯವರು ಬೀದಿಯಲ್ಲೇ ನಿಂತು ಮಾತಾಡಬೇಕು, ಅಷ್ಟು ಜಾಗ. ಕಿತ್ತ ಶಾಲೆ ಚೀಲ, ಹಿಡಿ ಕಳಚಿದ ಪೆಟ್ಟಿಗೆ, ಬಾಯಿಬಿಟ್ಟ ಫುಟ್‌ಬಾಲು ಎಲ್ಲ ಅವಳ ಹತ್ತಿರ ಬರುತ್ತಿದ್ದವು. ಆದರೆ ಅವಳ ಕೈಗುಣ ಕಾಣಬೇಕಾದರೆ ಬಾಕ್ಸಿಂಗ್ ಗ್ಲೌಸು ನೋಡಬೇಕಿತ್ತು. ಊರಿನ ಮೂರು ಬಾಕ್ಸಿಂಗ್ ಶಾಲೆಗಳಲ್ಲಿ ಯಾರ ಗ್ಲೌಸು ಹೊಲಿಗೆ ಬಿಟ್ಟರೂ ಅದು ಬಂದು ಬೀಳುತ್ತಿದ್ದದ್ದು ಅವಳ ಮಡಿಲಿಗೇ.

ಕೆಲಸ ಕಲಿಸಿದ್ದು ಅಪ್ಪ. ಮದುವೆಯಾಗಿ ಆರು ವರ್ಷಕ್ಕೆ ಗಂಡ ಜ್ವರದಲ್ಲಿ ಹೋದಾಗ ತವರಿಗೆ ವಾಪಸು ಬಂದು ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದವಳ ಕೈಗೆ ಅವನು ಒಂದು ದಬ್ಬಳ ಕೊಟ್ಟಿದ್ದ. "ಅಳೋದಾದ್ರೆ ಅಳು, ಆದ್ರೆ ಹೊಲಿಗೆ ಸೊಟ್ಟ ಹೋಗಬಾರದು" ಅಂದಿದ್ದ. ಸೊಟ್ಟ ಹೋಗಲಿಲ್ಲ. ಈಗ ಅವಳಿಗೆ ಐವತ್ತೇಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಬಾಕ್ಸಿಂಗ್ ಪಂದ್ಯ ನೋಡಿದವಳಲ್ಲ. "ಒಬ್ಬರ ಮುಖಕ್ಕೆ ಇನ್ನೊಬ್ಬರು ಗುದ್ದೋದನ್ನ ನೋಡೋಕೆ ಟಿಕೆಟ್ ಬೇರೆ ತಗೋಬೇಕಾ?" ಅನ್ನುತ್ತಿದ್ದಳು. ಆದರೆ ಗ್ಲೌಸಿನೊಳಗೆ ಕೈ ತೂರಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಇವನು ಅಂಜುಬುರುಕ, ಹೆಬ್ಬೆರಳನ್ನ ಒಳಗೆ ಬಚ್ಚಿಡ್ತಾನೆ" ಅಂದರೆ ತರಬೇತುದಾರರು ಹೌದಕ್ಕ ಹೌದು ಅಂತ ನಗುತ್ತಿದ್ದರು.

ಅಪ್ಪನದು ಬೇರೆಯೇ ದಾರಿ. ಎಂಬತ್ತನಾಲ್ಕು ವರ್ಷದ ಮುದುಕನಿಗೆ ಸೂಜಿಯ ಕಣ್ಣು ಕಾಣದೆ ಹತ್ತು ವರ್ಷವಾಗಿತ್ತು. ಬಾಯಿಗೆ ಮಾತ್ರ ಮುಪ್ಪು ಬಂದಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಕೋಲೂರಿಕೊಂಡು ಎದುರಿನ ಕ್ಷೌರದಂಗಡಿಗೆ ಹೋದನೆಂದರೆ ಅಲ್ಲಿ ಪಂದ್ಯ ಶುರು. ಪಂದ್ಯ ಆಡುವವರು ಇಬ್ಬರೂ ಅಲ್ಲಿ ಇರುತ್ತಿರಲಿಲ್ಲ, ಅಷ್ಟೆ. ಒಬ್ಬ ಸುತ್ತಿಗೆ: ಐವತ್ತು ವರ್ಷದ ಹಿಂದಿನ ಚಾಂಪಿಯನ್, ಬಲಗೈ ಗುದ್ದಿಗೆ ಹೆಸರಾದವನು, ಒಂದೂ ಸೋಲದೆ ರಿಂಗು ಬಿಟ್ಟವನು, ಸತ್ತು ಒಂಬತ್ತು ವರ್ಷವಾಗಿತ್ತು. ಇನ್ನೊಬ್ಬ ನೆರಳು: ಮೊನ್ನೆ ಮೊನ್ನೆಯವರೆಗೆ ಆಡಿದವನು, ಅವನೂ ಸೋತಿಲ್ಲ, ಯಾರ ಕೈಗೂ ಸಿಕ್ಕಿಲ್ಲ. ಇಬ್ಬರೂ ಒಂದೇ ಕಾಲದಲ್ಲಿ ಹುಟ್ಟಿ ಎದುರುಬದುರು ನಿಂತಿದ್ದರೆ ಗೆಲ್ಲುತ್ತಿದ್ದವರು ಯಾರು?

"ಹೊಡೆಯೋಕೆ ಸಿಕ್ಕಿದ್ರೆ ತಾನೆ ಸುತ್ತಿಗೆಗೆ ಕೆಲಸ? ಗಾಳಿಗೆ ಮೊಳೆ ಹೊಡೆಯೋಕಾಗತ್ತಾ ಯಜಮಾನ್ರೇ?" ಅನ್ನುತ್ತಿದ್ದ ಕ್ಷೌರಿಕ. ಅವನು ನೆರಳಿನ ಕಡೆ.

"ಹನ್ನೆರಡು ರೌಂಡೂ ಓಡ್ತಾನೇ ಇರ್ತಾನಾ ನಿನ್ನ ನೆರಳು? ಒಂದಲ್ಲ ಒಂದು ಸಲ ಮೂಲೆಗೆ ಬಂದೇ ಬರ್ತಾನೆ. ಬಂದಾಗ ಒಂದು. ಒಂದೇ ಒಂದು!" ಅಂತ ಅಪ್ಪ ಬಲಗೈ ಬೀಸಿ ತೋರಿಸುತ್ತಿದ್ದ.

ಕ್ಷೌರಿಕ ಬಾಚಣಿಗೆ ಹಿಡಿದೇ ಹಿಂದಕ್ಕೆ ಸರಿದು, ತಲೆ ಬಗ್ಗಿಸಿ, ಪಕ್ಕಕ್ಕೆ ಜಾರಿ, ನೆರಳಾಗುತ್ತಿದ್ದ. ಕುರ್ಚಿಯಲ್ಲಿ ಕೂತ ಗಿರಾಕಿ, "ಸ್ವಾಮಿ, ನನ್ನ ಮುಖದ ನೊರೆ ಒಣಗ್ತಾ ಇದೆ" ಅನ್ನುವವರೆಗೂ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತವರು ಸೀಟಿ ಹೊಡೆಯುತ್ತಿದ್ದರು. ಅಪ್ಪ ಒಂದು ದಿನವೂ ಸೋಲೊಪ್ಪಿ ಮನೆಗೆ ಬಂದವನಲ್ಲ.

ಹೀಗಿರುವಾಗ ಒಂದು ಸೋಮವಾರ ಊರಿನ ಕ್ರೀಡಾ ವಸ್ತುಸಂಗ್ರಹಾಲಯದ ಮೇಡಂ ಅಂಗಡಿಗೆ ಬಂದರು. ಕನ್ನಡಕದ, ಸಣ್ಣ ದನಿಯ ಹೆಂಗಸು. ಹತ್ತಿಯಲ್ಲಿ ಸುತ್ತಿದ ರಟ್ಟಿನ ಡಬ್ಬಿಯನ್ನು ಮೇಜಿನ ಮೇಲೆ ಕೂಸನ್ನು ಮಲಗಿಸಿದ ಹಾಗೆ ಇಟ್ಟರು. ಅವರು ಒಂದು ಪ್ರದರ್ಶನ ಮಾಡುತ್ತಿದ್ದರು. ನಿಜವಾದ ರಿಂಗು ಕಟ್ಟಿ, ಅದರೊಳಗೆ ಸುತ್ತಿಗೆ ಮತ್ತು ನೆರಳಿನ ಆಳೆತ್ತರದ ಬೊಂಬೆಗಳನ್ನು ಎದುರುಬದುರು ನಿಲ್ಲಿಸಿ, ಯಾರು ಗೆಲ್ಲುತ್ತಿದ್ದರು ಅಂತ ಜನರ ಹತ್ತಿರ ಚೀಟಿ ಬರೆಸುವುದು. ಬೊಂಬೆಗಳ ಕೈಗೆ ಅವರವರ ಅಸಲಿ ಗ್ಲೌಸುಗಳೇ ಆಗಬೇಕು. ಸುತ್ತಿಗೆಯ ಕೊನೇ ಪಂದ್ಯದ ಜೋಡಿ ಬಾಕ್ಸಿಂಗ್ ಸಂಘದ ಬೀರುವಿನಲ್ಲಿ ಸಿಕ್ಕಿತ್ತು, ಬಲಗೈದರ ಹೊಲಿಗೆ ಮಾತ್ರ ಇಲಿ ಕಡಿದಿತ್ತು.

"ಇದನ್ನ ಹೊಲಿದದ್ದೇ ನಿಮ್ಮ ತಂದೆಯಂತೆ. ನಿಮಗಲ್ಲದೆ ಇನ್ಯಾರಿಗೆ ಕೊಡಲಿ?" ಅಂದರು ಮೇಡಂ.

ಅಪ್ಪನಿಗೆ ಹೇಳಿದರೆ ಕುಣಿದಾಡುತ್ತಾನೆ ಅಂದುಕೊಂಡಿದ್ದಳು. ಅವನು ಕೈ ಎತ್ತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮೇಲಿಂದಲೇ ನಾಲ್ಕು ಹೊಲಿಗೆ ಹಾಕಿ ಕೊಟ್ಟುಬಿಡು. ಒಳಗೆ ಬಿಚ್ಚಬೇಡ."

"ಯಾಕಪ್ಪ?"

"ಹಳೇ ಚರ್ಮ. ಪುಡಿ ಆಗತ್ತೆ."

ದೇವರ ಸಾಮಾನಿನ ಹಾಗೆ ಕಾಪಾಡುತ್ತಿದ್ದಾನೆ ಪಾಪ, ಅಂದುಕೊಂಡಳು. ಆದರೆ ಬಿಚ್ಚದೆ ಗತಿಯಿರಲಿಲ್ಲ. ಇಲಿ ಕಡಿದದ್ದು ಬಾಯಂಚಿನಿಂದ ಹಿಡಿದು ಗೆಣ್ಣಿನವರೆಗೆ. ಗುರುವಾರ ಬೆಳಿಗ್ಗೆ ಮೊದಲು ತೂಕ ಮಾಡಿದಳು. ಎರಡೂ ಸರಿಸಮ. ಆಮೇಲೆ ಬಲಗೈ ಗ್ಲೌಸನ್ನು ಮೊಣಕಾಲ ಮಧ್ಯೆ ಸಿಕ್ಕಿಸಿಕೊಂಡು, ಮೊಂಡು ಚಾಕುವಿನಿಂದ ಹೊಲಿಗೆ ಒಂದೊಂದಾಗಿ ಎತ್ತಿದಳು.

ಆ ಕಾಲದ ಗ್ಲೌಸುಗಳಿಗೆ ಕುದುರೆಯ ಕೂದಲು ತುಂಬುತ್ತಿದ್ದರು. ಗೆಣ್ಣಿನ ಮೇಲೆ ಅದು ಎರಡು ಬೆರಳು ದಪ್ಪ ಇರಬೇಕು. ಹೊಡೆಯುವವನ ಮೂಳೆ, ಹೊಡೆಸಿಕೊಳ್ಳುವವನ ಮುಖ, ಎರಡಕ್ಕೂ ಅದೇ ರಕ್ಷೆ. ದಬ್ಬಳದಕ್ಕ ಬೆರಳು ಇಟ್ಟಳು. ಗೆಣ್ಣಿನ ಮೇಲೆ ಕೂದಲೇ ಇರಲಿಲ್ಲ. ಇಲಿ ಎಳೆದಿರಬೇಕು ಅಂತ ಕೆಳಕ್ಕೆ ತಡವಿದಳು. ಮಣಿಕಟ್ಟಿನ ಪಟ್ಟಿಯೊಳಗೆ, ಯಾರೂ ಒತ್ತಿ ನೋಡದ ಜಾಗದಲ್ಲಿ, ಅಷ್ಟೂ ಕೂದಲನ್ನು ಸುರುಳಿ ಸುತ್ತಿ ಒತ್ತೊತ್ತಾಗಿ ತುರುಕಿತ್ತು. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಾಗದ ಹಾಗೆ.

ಇಲಿಗೆ ಇಷ್ಟು ಬುದ್ಧಿ ಇಲ್ಲ. ಹೊಲಿಗೆಯ ಕೊನೆಯ ಗಂಟು ಹುಡುಕಿದಳು. ದಾರವನ್ನು ಅದರ ಕೆಳಗೇ ಎರಡು ಸಲ ಹಾಯಿಸಿ, ತುದಿಯನ್ನು ಕಡ್ಡಿ ಗೀರಿ ಸುಟ್ಟು ಒಳಗೆ ಮಡಿಸಿದ ಗಂಟು. ಈ ಗಂಟು ಹಾಕುತ್ತಿದ್ದದ್ದು ಪ್ರಪಂಚದಲ್ಲಿ ಇಬ್ಬರೇ: ಅಪ್ಪ, ಅವನಿಂದ ಕಲಿತ ತಾನು. ಇರಲಿ, ಇನ್ಯಾರೋ ನೋಡಿ ಕಲಿತಿರಬಹುದು, ಅಪ್ಪನಿಗೆ ಗೊತ್ತಿಲ್ಲದೆ ಬಿಚ್ಚಿ ಹೊಲಿದಿರಬಹುದು, ಅಂತ ಮನಸ್ಸು ಸಿಕ್ಕಿದ ಕಡ್ಡಿಯನ್ನೆಲ್ಲ ಹಿಡಿದುಕೊಂಡಿತು. ಗೆಣ್ಣಿನ ಜಾಗದಲ್ಲಿ ಒತ್ತಿದರೆ ಮೆತ್ತಗೆ ಅನ್ನಿಸಲಿ ಅಂತ ಮಡಿಸಿಟ್ಟಿದ್ದ ಬಟ್ಟೆಯ ಪದರ ಒಂದಿತ್ತು. ಚಿಮಟದಿಂದ ಎಳೆದಳು. ತಿಳಿಹಸಿರು ಚೌಕುಳಿ ಬಟ್ಟೆ. ಅದರ ಅಂಚಿನಲ್ಲಿ ಅರ್ಧ ಜೇಬು, ಜೇಬಿನ ಮೇಲೆ ಬಿಳಿ ದಾರದಲ್ಲಿ ಅಮ್ಮ ತೆಗೆದ ಬಾತುಕೋಳಿಯ ತಲೆ.

ಅದು ಅವಳದೇ ಫ್ರಾಕು. ಒಂಬತ್ತು ವರ್ಷದವಳಿದ್ದಾಗ ಒಗೆದು ಒಣಗಹಾಕಿದ್ದು ಮಾಯವಾಗಿ, ಅವಳು ಎರಡು ದಿನ ಉಣ್ಣದೆ ಅತ್ತಿದ್ದಳು. ಗಾಳಿಗೆ ಹಾರಿಹೋಯಿತು ಮಗಳೇ ಅಂತ ಸಮಾಧಾನ ಮಾಡಿದ್ದವನು ಅಪ್ಪ.

ಬಟ್ಟೆಯನ್ನು ಹಿಡಿದೇ ಕೂತಳು. ಯಾರೋ ಚೀಲ ಹಿಡಿದು ಬಂದು "ಅಕ್ಕಾ" ಅಂದರು. ಇನ್ನೊಮ್ಮೆ ಅಂದರು. ಅವರು ಅವಳ ಮುಖ ನೋಡಿ ಚೀಲವನ್ನು ಅಲ್ಲೇ ಇಟ್ಟು ಹೋದರು.

ಆ ಕೊನೇ ಪಂದ್ಯದ ಕತೆ ಅವಳಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿದ್ದ ಹಾಗೆ. ಎದುರಾಳಿ ಇಪ್ಪತ್ತಾರು ವರ್ಷದ ಅಂಚೆಯವನು. ಹಗಲು ಕಾಗದ ಹಂಚಿ ಸಂಜೆ ಬಾಕ್ಸಿಂಗ್ ಮಾಡುತ್ತಿದ್ದುದರಿಂದ ಟಪಾಲು ಅಂತ ಹೆಸರು. ಏಳನೇ ರೌಂಡಿನಲ್ಲಿ ಬಿದ್ದ. ಒಂದು ಕಣ್ಣು ಹೋಯಿತು.

ಅಂಗಡಿಗೆ ಬೀಗ ಹಾಕಿ ಮನೆಗೆ ಹೋದಳು. ಅಪ್ಪ ಕಿಟಕಿಯ ಹತ್ತಿರ ಕೂತು ರೇಡಿಯೋ ತಿರುವುತ್ತಿದ್ದ. ಅವಳು ಬಟ್ಟೆಯ ತುಂಡನ್ನು ಅವನ ತೊಡೆಯ ಮೇಲೆ ಇಟ್ಟಳು. ಕಣ್ಣು ಮಂಜಾದವನು ಬೆರಳಿನಲ್ಲಿ ಸವರಿದ. ಜೇಬು ಸಿಕ್ಕಿತು. ಬಾತುಕೋಳಿ ಸಿಕ್ಕಿತು. ರೇಡಿಯೋ ಆರಿಸಿದ.

"ಬಿಚ್ಚಬೇಡ ಅಂದಿದ್ದೆ."

"ಯಾರು ಹೇಳಿದ್ರು ನಿನಗೆ ಹೀಗೆ ಮಾಡು ಅಂತ? ಸುತ್ತಿಗೆ ಕಡೆಯವರಾ? ಹೆದರಿಸಿದ್ರಾ?" ಹೌದು ಅನ್ನಲಿ ಅಂತ ಒಳಗೊಳಗೇ ಬೇಡಿಕೊಂಡಳು.

"ಯಾರೂ ಹೇಳಲಿಲ್ಲ. ನಾನೇ ಮಾಡಿದೆ."

"ಸುತ್ತಿಗೆ ಹೇಳಿದ್ನಾ?"

"ಅವನಿಗೆ ಗೊತ್ತೇ ಇರಲಿಲ್ಲ. ಮೂವತ್ತನಾಲ್ಕು ಆಗಿತ್ತಮ್ಮ ಅವನಿಗೆ. ಹಿಂದಿನ ವಾರ ಅಭ್ಯಾಸ ನೋಡೋಕೆ ಹೋಗಿದ್ದೆ. ಕಾಲು ಏಳ್ತಾ ಇರಲಿಲ್ಲ. ಟಪಾಲು ಎಳೇ ಹುಡುಗ, ಕುದುರೆ ಹಾಗಿದ್ದ. ಇವನು ಬೀಳೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಇಬ್ಬರ ಗ್ಲೌಸೂ ನಾನೇ ತಾನೆ ಹೊಲಿದು ಕೊಡಬೇಕಿದ್ದದ್ದು." ಮುದುಕ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಪಂದ್ಯ ಮುಗಿದ ಮೇಲೆ ಅವನ ಬಲಗೈ ಕುಂಬಳಕಾಯಿ ಹಾಗೆ ಊದಿತ್ತು. ಎರಡು ಮೂಳೆ ಮುರಿದಿದ್ವು. ಮೆತ್ತೆ ಇರಲಿಲ್ಲವಲ್ಲ. ಆ ಕೈ ಮತ್ತೆ ಮುಷ್ಟಿ ಕಟ್ಟಲಿಲ್ಲ. ಜನ ಅಂದ್ಕೊಂಡ್ರು ಗೆದ್ದಾಗಲೇ ದೊಡ್ಡ ಮನಸ್ಸು ಮಾಡಿ ಬಿಟ್ಟ ಅಂತ. ನನ್ನನ್ನ ಕರೆದು ಅವನೇ ಸಮಾಧಾನ ಮಾಡಿದ. 'ನಿನ್ನ ಗ್ಲೌಸಿನ ತಪ್ಪಲ್ಲ ಅಣ್ಣ, ನನ್ನ ಮೂಳೆಗೆ ವಯಸ್ಸಾಯ್ತು' ಅಂದ."

ದಬ್ಬಳದಕ್ಕ ಅವನ ಎದುರು ನೆಲದ ಮೇಲೆ ಕೂತಳು. ಒಬ್ಬನ ಕಣ್ಣು, ಇನ್ನೊಬ್ಬನ ಕೈ. ಎರಡನ್ನೂ ತೆಗೆದದ್ದು ತನಗೆ ಸೂಜಿ ಹಿಡಿಯಲು ಕಲಿಸಿದ ಈ ಬೆರಳುಗಳು.

"ಮತ್ತೆ ಪ್ರತಿ ಭಾನುವಾರ ಹೋಗಿ, ಸುತ್ತಿಗೆ ಯಾರನ್ನ ಬೇಕಾದ್ರೂ ಗೆಲ್ತಾನೆ ಅಂತ ಕೂಗ್ತೀಯಲ್ಲಪ್ಪಾ?"

"ಅವತ್ತು ಒಂದು ದಿನ ಹಾಗೆ ನಂಬಿದ್ದಿದ್ರೆ ಸಾಕಿತ್ತು" ಅಂದ ಅಪ್ಪ.

ಶುಕ್ರವಾರ ಅಂಚೆ ಕಚೇರಿಯಲ್ಲಿ ವಿಚಾರಿಸಿದಳು. ಟಪಾಲು ಬದುಕಿದ್ದ. ಕಣ್ಣು ಹೋದ ಮೇಲೆ ಕಾಗದ ವಿಂಗಡಿಸುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿ, ರೈಲುಹಳಿಯ ಆಚೆ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಹೋದಾಗ ಬಕೆಟ್ಟಿನಲ್ಲಿ ಅಂಗಿ ಹಿಂಡುತ್ತಿದ್ದ. ಎಪ್ಪತ್ತನಾಲ್ಕರಲ್ಲೂ ಭುಜ ಅಗಲವಿತ್ತು. ಎಡಗಣ್ಣಿನ ರೆಪ್ಪೆ ಮುಚ್ಚಿಕೊಂಡಿತ್ತು. ತಾನು ಯಾರ ಮಗಳು ಅಂತ ಹೇಳಿ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಮರೆತು, ಅವಳು ಒಂದೇ ಉಸಿರಿಗೆ ಅಂದಳು: "ಗ್ಲೌಸಿನಲ್ಲಿ ಗೆಣ್ಣಿನ ಮೇಲೆ ಕೂದಲಿರಲಿಲ್ಲ."

ಅವನು ಬೆಚ್ಚಿ ಬೀಳುತ್ತಾನೆ ಅಂದುಕೊಂಡಿದ್ದಳು. ಅವನು ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದ.

"ಗೊತ್ತು. ಎರಡನೇ ರೌಂಡಿನಲ್ಲೇ ಗೊತ್ತಾಯ್ತು. ಚರ್ಮ ಬಡಿಯೋದಕ್ಕೂ ಮೂಳೆ ಬಡಿಯೋದಕ್ಕೂ ವ್ಯತ್ಯಾಸ ಇಲ್ವಾ? ರೆಫರಿಗೆ ಹೇಳಿದೆ. ಒತ್ತಿ ನೋಡಿದ್ರು, ಮೆತ್ತಗಿದೆ ಅಂದ್ರು. ಮುಗಿದ ಮೇಲೆ ತೂಕ ಹಾಕಿದ್ರು, ಸರಿ ಇದೆ ಅಂದ್ರು. ಸೋತವನು ನೆಪ ಹೇಳ್ತಾನೆ ಅಂತ ಪೇಪರಿನಲ್ಲಿ ಬಂತು. ನನ್ನ ಹೆಂಡತಿ ಕೂಡ ಬಿಟ್ಟುಬಿಡಿ ಅಂದ್ಲು." ಅವನು ಅವಳ ಕಡೆ ತಿರುಗಿದ. "ನೀನು ಹೊಸದೇನೂ ಹೇಳಲಿಲ್ಲಮ್ಮ. ಆ ಸುತ್ತಿಗೆ ಎಂಥವನು ಅಂತ ನನಗೆ ಅವತ್ತೇ ತಿಳಿದಿತ್ತು."

"ಅವನಲ್ಲ" ಅಂದಳು. "ಅವನಿಗೆ ಗೊತ್ತಿರಲಿಲ್ಲ. ನಮ್ಮಪ್ಪ ಮಾಡಿದ್ದು. ಒಬ್ಬನೇ."

ಟಪಾಲುವಿನ ಕೈಯಲ್ಲಿದ್ದ ಎರಡನೇ ಅಂಗಿ ಕೆಳಗೆ ಬಿತ್ತು. ನೆಟ್ಟಗಿದ್ದ ಒಂದೇ ಕಣ್ಣು ಅವಳ ಮುಖದ ಮೇಲೆ ಏನನ್ನೋ ಹುಡುಕಿತು.

"ಆಸ್ಪತ್ರೆಗೆ ಬಂದಿದ್ದ ಸುತ್ತಿಗೆ" ಅಂದ ಕೊನೆಗೆ. "ಆಮೇಲೆ ವರ್ಷಕ್ಕೊಂದು ಸಲ ಈ ಬಾಗಿಲಿಗೆ ಬರ್ತಿದ್ದ. ಪಂದ್ಯ ನಡೆದ ತಾರೀಕಿಗೇ. ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ನಿಂತು, ಹೋಗ್ತಿದ್ದ. ಮೂವತ್ತೈದು ವರ್ಷ ಬಂದ. ನಾನು ಒಳಗೆ ಕೂತು ನಗ್ತಿದ್ದೆ. ಕಳ್ಳನಿಗೆ ನಿದ್ದೆ ಬರ್ತಿಲ್ಲ ಅಂತ." "ಅವನು ಸತ್ತ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ ಕಣಮ್ಮ. ಎರಡು ಸಲ ಬಡಿಸ್ಕೊಂಡು ತಿಂದೆ."

ಅವಳು ಬಿದ್ದ ಅಂಗಿಯನ್ನು ಎತ್ತಿ, ಮಣ್ಣು ತೊಳೆದು, ಹಿಂಡಿ ಹಗ್ಗಕ್ಕೆ ಹಾಕಿದಳು. ಹೊರಡುವಾಗ ಅವನು ಹಿಂದಿನಿಂದ ಕೇಳಿದ, "ನಿಮ್ಮಪ್ಪ ಇದ್ದಾನಾ?"

ಶನಿವಾರ ಹನ್ನೊಂದಕ್ಕೆ ಟಪಾಲು ಅವರ ಮನೆಗೆ ಬಂದ. ಇಸ್ತ್ರಿ ಅಂಗಿ, ಬೂಟು. ದಬ್ಬಳದಕ್ಕ ಮೇಜಿನ ಮೇಲೆ ಬಿಚ್ಚಿದ ಗ್ಲೌಸನ್ನು ಇಟ್ಟಿದ್ದಳು. ಅವನು ಅದನ್ನು ಮುಟ್ಟಲಿಲ್ಲ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತ. ಹೊಡೆದರೆ ಏನು ಮಾಡುವುದು ಅಂತ ಅವಳು ಅಪ್ಪನ ಪಕ್ಕಕ್ಕೇ ಬಂದು ನಿಂತಳು. ಹೊಡೆಯಲಿ ಅಂತಲೂ ಒಂದು ಕಡೆ ಅನ್ನಿಸುತ್ತಿತ್ತು.

ಅಪ್ಪ ಕೈ ಜೋಡಿಸಲು ಹೋದ. ಟಪಾಲು ತಡೆದ.

"ಅದೆಲ್ಲ ಬೇಡ. ಒಂದೇ ಮಾತು ಕೇಳೋಕೆ ಬಂದೆ. ಎಲ್ಲರ ಪಂದ್ಯಾನೂ ಬಾಯಲ್ಲೇ ಆಡಿಸ್ತೀಯಂತೆ. ಸುತ್ತಿಗೆ ನೆರಳನ್ನ ಗೆಲ್ತಾನೆ ಅಂತೀಯಂತೆ. ನನಗೆ ಹೇಳು. ಗ್ಲೌಸು ಸರಿಯಾಗಿದ್ದಿದ್ರೆ ಅವತ್ತು ಗೆಲ್ತಿದ್ದವರು ಯಾರು?"

ಪ್ರತಿ ಭಾನುವಾರ ಒಂದು ಕ್ಷಣವೂ ತಡವರಿಸದೆ ಉತ್ತರ ಕೊಡುತ್ತಿದ್ದ ಅಪ್ಪ ಅಂಗೈಯನ್ನು ತೊಡೆಗೆ ಒರೆಸಿದ.

"ಗೊತ್ತಿಲ್ಲ" ಅಂದ.

"ಗೊತ್ತಿಲ್ವಾ?"

"ಗೊತ್ತಾಗೋ ಹಾಗೆ ನಾನು ಬಿಡಲಿಲ್ಲ."

ಟಪಾಲು ಕುರ್ಚಿ ಹಿಂದಕ್ಕೆ ತಳ್ಳಿದ. "ನನಗೂ ಗೊತ್ತಿಲ್ಲ" ಅಂದ. "ಮೂರನೇ ರೌಂಡಿನಲ್ಲಿ ಅವನು ಎಡಗೈಯಲ್ಲೂ ಚೆನ್ನಾಗೇ ಹೊಡೆದ." ಎದ್ದು, ದಬ್ಬಳದಕ್ಕನ ಹತ್ತಿರ ಸುತ್ತಿಗೆಯ ಹೆಂಡತಿ ಇರುವ ಮನೆಯ ವಿಳಾಸ ಬರೆಸಿಕೊಂಡ. ಮೆಟ್ಟಿಲಿಳಿಯುವಾಗ ಆ ಚೀಟಿಯನ್ನು ಎರಡು ಸಲ ಓದಿದ. ವಿಳಾಸ ಸರಿಯಾಗಿ ಬರೆದಿದೆಯೋ ಅಂತ ಪರೀಕ್ಷಿಸುವವನ ಹಾಗೆ. ಅಲ್ಲಿಗೆ ಹೋದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಮಾರನೇ ದಿನ ಭಾನುವಾರ. ಅಪ್ಪ ಎಂದಿನ ಹಾಗೆ ಕೋಲು ಹಿಡಿದು ಹೊರಟ. ಅವಳು ತಡೆಯಲಿಲ್ಲ, ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಏನು ಹೇಳಿದನೋ ಅವಳಿಗೆ ಕೇಳಿಸಲಿಲ್ಲ. ಕ್ಷೌರಿಕನ ಕತ್ತರಿ ನಿಂತದ್ದು ಮಾತ್ರ ಕಾಣಿಸಿತು. ಸ್ವಲ್ಪ ಹೊತ್ತಿಗೆ ಜನ ಒಬ್ಬೊಬ್ಬರೇ ಹೊರಗೆ ಬಂದರು, ಅರ್ಧ ತಲೆ ಕತ್ತರಿಸಿದ್ದ ಒಬ್ಬ ಗಿರಾಕಿ ಹೆಗಲ ಮೇಲಿನ ಬಟ್ಟೆಯ ಸಮೇತ. ಕ್ಷೌರಿಕನೇ ಅಪ್ಪನ ತೋಳು ಹಿಡಿದು ರಸ್ತೆ ದಾಟಿಸಿದ. ಇಷ್ಟು ವರ್ಷದ ವಾದದಲ್ಲಿ ಗೆದ್ದವನ ಮುಖ ಸತ್ತವರ ಮನೆಯಿಂದ ಬಂದವನ ಹಾಗಿತ್ತು. "ನಾನು ಇದನ್ನ ಕೇಳಬೇಕಾಗಿರಲಿಲ್ಲ ಅಕ್ಕ" ಅಂದ.

ಮೇಡಂಗೆ ಸೋಮವಾರ ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಂಗಡಿಯ ಬಾಗಿಲನ್ನು ಅರ್ಧ ಮುಂದಕ್ಕೆಳೆದು, ಇನ್ನೂ ಸಣ್ಣ ದನಿಯಲ್ಲಿ, "ಕೂದಲನ್ನ ಮೊದಲಿದ್ದ ಹಾಗೇ ತುಂಬಿ ಹೊಲಿದುಬಿಡಿ. ಯಾರಿಗೂ ತಿಳಿಯಲ್ಲ. ನಾನೂ ನೋಡಿಲ್ಲ ಅಂದ್ಕೋತೀನಿ" ಅಂದರು.

"ಯಾರಿಗೂ ತಿಳಿಯದ ಹಾಗೆ ಹೊಲಿಯೋದು ನನಗೆ ಬರತ್ತೆ ಮೇಡಂ" ಅಂದಳು ದಬ್ಬಳದಕ್ಕ. "ಅದಕ್ಕೇ ಹೊಲಿಯಲ್ಲ."

ಮೂರು ವಾರ ಅವರ ಸಮಿತಿ ಕೂತಿತು, ಎದ್ದಿತು. ಪ್ರದರ್ಶನ ತೆರೆದಾಗ ರಿಂಗಿನಲ್ಲಿ ನೆರಳಿನ ಬೊಂಬೆ ಒಂದೇ ನಿಂತಿತ್ತು. ಎದುರು ಮೂಲೆ ಖಾಲಿ. ಗಾಜಿನ ಪೆಟ್ಟಿಗೆಯಲ್ಲಿ ಬಲಗೈ ಗ್ಲೌಸು ಬಿಚ್ಚಿದ ಹಾಗೇ ಮಲಗಿತ್ತು, ಪಕ್ಕದಲ್ಲಿ ಕೂದಲ ಸುರುಳಿ, ಚೌಕುಳಿ ಬಟ್ಟೆ. ಪೇಪರಿನವರು ಬರೆದರು. ಯಾರೋ ಅಂಗಡಿಯ ಬಾಗಿಲಿಗೆ ಸಗಣಿ ಎರಚಿದರು, ತೊಳೆದಳು. ಸುತ್ತಿಗೆಯ ಅಭಿಮಾನಿಗಳು ಅವಳಿಗೇ ಬೈದರು, ಸತ್ತವನ ಮಾನ ತೆಗೆದಳು ಅಂತ. ಅವನಿಗೆ ಗೊತ್ತಿರಲಿಲ್ಲ ಅಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಟಪಾಲುಗೆ ಸಂಘದಿಂದ ಒಂದು ಕಾಗದ ಹೋಯಿತಂತೆ: ವಿಷಾದವಿದೆ, ಫಲಿತಾಂಶ ಬದಲಿಸಲು ನಿಯಮದಲ್ಲಿ ದಾರಿಯಿಲ್ಲ.

ಎರಡು ತಿಂಗಳು ಒಂದು ಗ್ಲೌಸೂ ಬರಲಿಲ್ಲ. ಮೂರನೆಯ ತಿಂಗಳು ಬಾಕ್ಸಿಂಗ್ ಕಲಿಯುವ ಹುಡುಗಿಯೊಬ್ಬಳ ತಾಯಿ ಹೊಚ್ಚಹೊಸ ಜೋಡಿ ಹಿಡಿದು ಬಂದಳು. ಬಾಯಂಚಿನ ಪಟ್ಟಿ ಬಿಗಿ ಅಂತೆ. ದಬ್ಬಳದಕ್ಕ ಪಟ್ಟಿಯನ್ನು ಬಿಟ್ಟು ಗೆಣ್ಣಿನ ಹತ್ತಿರ ಚಾಕು ಇಟ್ಟಳು.

"ಅಯ್ಯೋ, ಅಲ್ಲಿ ಯಾಕೆ ಬಿಚ್ತೀರಿ? ಹೊಸದು!"

"ನಿಮ್ಮೆದುರಿಗೇ ಹೊಲಿದು ಕೊಡ್ತೀನಿ. ಸ್ವಲ್ಪ ಕೂತ್ಕೊಳ್ಳಿ."

ಈಗಿನ ಗ್ಲೌಸುಗಳಲ್ಲಿ ಕೂದಲಿಲ್ಲ, ಸ್ಪಂಜು. ಮೂರು ಹೊಲಿಗೆ ಎತ್ತಿ ಬೆರಳು ತೂರಿಸಿದಳು. ದಪ್ಪನೆಯ ಸ್ಪಂಜು ಇರಬೇಕಾದ ಜಾಗದಲ್ಲೇ ಇತ್ತು. ಅದು ಬೆರಳಿಗೆ ತಗಲಿದ ಮೇಲೆಯೇ ಅವಳು ದಬ್ಬಳಕ್ಕೆ ದಾರ ಪೋಣಿಸಿದಳು.